ಚಳಿನಾಡಿನ ಬಳ್ಳಿಗೆ ಕಟ್ಟಿಸಿದ ಗೋಡೆ

ನನ್ನ ಸೋದರಮಾವ ದಾವಣಗೆರೆಯ ತಮ್ಮ ಹೊಸ ಮನೆಯ ಮುಂದೆ ಒಂದು ಗೋಡೆ ಕಟ್ಟಿಸಿದ್ದರು. ಅದರ ಮೇಲೆ ಚಾವಣಿ ಇರಲಿಲ್ಲ, ಹಿಂದೆ ಕೋಣೆ ಇರಲಿಲ್ಲ, ಕಳ್ಳರನ್ನು ತಡೆಯುವಷ್ಟು ಉದ್ದವೂ ಇರಲಿಲ್ಲ. ಅಂಗಳದ ನಡುವೆ ಮೊಣಕೈ ಮಡಚಿದ ಹಾಗೆ, ಒಂದು ಮೈ ದಕ್ಷಿಣಕ್ಕೆ, ಇನ್ನೊಂದು ಪಡುವಣಕ್ಕೆ ಮಾಡಿಕೊಂಡು ನಿಂತಿತ್ತು. ಬಳ್ಳಿ ಹಬ್ಬಿಸುವುದಕ್ಕೆಂದೇ ಕಟ್ಟಿಸಿದ ಗೋಡೆ. ಕಟ್ಟಿಸಿದವರು ಮಾವ, ಯಾವ ದಿಕ್ಕಿಗೆ ಕಟ್ಟಬೇಕೆಂದು ಹೇಳಿದವಳು ನಾನು.

ಐವತ್ತರ ದಶಕದ ಕೊನೆಯ ಮಾತು. ಇಸವಿ ಖಚಿತವಾಗಿ ಹೇಳಲಾರೆ. ಆಗಿನ ನನ್ನ ದಿನಚರಿ ಉಳಿದಿದೆ, ಆದರೆ ರಟ್ಟು ಮತ್ತು ಮೊದಲ ಕೆಲವು ಹಾಳೆಗಳು ಹೋಗಿವೆ. ಉಳಿದ ಹಾಳೆಗಳನ್ನಾದರೂ ಎಷ್ಟು ನಂಬಬೇಕು? ಇಪ್ಪತ್ತೆರಡು ವರ್ಷದ ಬಿ.ಎ. ಹುಡುಗಿ ಬರೆದದ್ದು, ಯಾರಾದರೂ ಕದ್ದು ಓದಲಿ ಎಂಬ ಆಸೆ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಡೈರಿಯನ್ನೂ ನೆನಪನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎರಡೂ ಒಪ್ಪುವ ಕಡೆ ನನಗೆ ಅನುಮಾನ ಹೆಚ್ಚು.

ಅಪ್ಪ ಹರಿಹರದಲ್ಲಿ ಶಾಲೆಯ ಮೇಷ್ಟರು. ಮೈಸೂರಿನಲ್ಲಿ ಓದು ಮುಗಿಸಿದ ಮೇಲೆ ನನಗೆ ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಉಳಿದುಕೊಳ್ಳಲು ಅವ್ವನ ಅಣ್ಣನ ಮನೆ ಇತ್ತು. ಮಾವ ಹತ್ತಿ ದಲಾಲರು. ಒಂದು ಬೇಸಗೆ ಮುಂಬಯಿಯ ಹತ್ತಿ ವ್ಯಾಪಾರಿಗಳ ಜೊತೆ ಊಟಿಗೆ ಹೋಗಿ ಹದಿನೈದು ದಿನ ಇದ್ದು ಬಂದರು. ಹೋಗುವ ತನಕ ಅವರಿಗೆ ಪಂಚೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಊಟದ ಮೇಲೆ ಎಲೆ ಅಡಿಕೆ ಸಾಕಾಗಿದ್ದವು. ಬಂದ ಮೇಲೆ ಉಣ್ಣೆಯ ಕೋಟು ಮೈ ಬಿಡಲಿಲ್ಲ. ಆ ಸೆಕೆಯಲ್ಲಿ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ಬಂದವರಿಗೆಲ್ಲ ಊಟಿಯ ಚಳಿ ವರ್ಣಿಸುತ್ತಿದ್ದರು. ಕೇಳುವವರೂ ತಲೆಯಾಡಿಸುತ್ತಿದ್ದರು, ಏಕೆಂದರೆ ಅವರ ಹತ್ತಿ ಮಾವನ ಕೈಯಲ್ಲಿತ್ತು.

ಅಲ್ಲಿ ಊರು ಬಿಟ್ಟು ಹೋದ ಯಾವನೋ ಇಂಗ್ಲಿಷರವನ ಬಂಗಲೆಯ ಸಾಮಾನು ಹರಾಜಾಗುತ್ತಿತ್ತಂತೆ. ಮಾವ ಒಂದು ದಪ್ಪ ಪುಸ್ತಕ ತಂದರು. ಚಳಿದೇಶದ ತೋಟಗಳಿಗೆ ಎಂಥ ಬಳ್ಳಿ ಆರಿಸಬೇಕು, ಹೇಗೆ ಬೆಳೆಸಬೇಕು ಎಂದು ತಿಳಿಸುವ ಪುಸ್ತಕ. ಮಾವನ ಇಂಗ್ಲಿಷ್ ತಂತಿ ಓದುವುದಕ್ಕೆ ಸಾಲುತ್ತಿತ್ತು, ಪುಸ್ತಕಕ್ಕೆ ಸಾಲುತ್ತಿರಲಿಲ್ಲ. ಹೀಗಾಗಿ ದಿನಾ ಸಂಜೆ ಶಾಲೆಯಿಂದ ಬಂದ ಮೇಲೆ ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಪುರಾಣ ಹೇಳಿಸಿದ ಹಾಗೆ. ನನಗೆ ಅದರಿಂದ ಬೇಸರವಾಗುತ್ತಿತ್ತು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಡೈರಿ ತೆಗೆದರೆ ಬೇಸರದ ಸುಳಿವಿಲ್ಲ. ‘ಇಂದು ಹತ್ತು ಪುಟ ಮುಗಿಸಿದೆ, ಒಂದು ಪದಕ್ಕೂ ನಿಘಂಟು ನೋಡಲಿಲ್ಲ’ ಎಂದು ಬರೆದುಕೊಂಡಿದ್ದೇನೆ. ಎಂಥ ಸಾಧನೆ!

ಆರಿಸುವ ಕೆಲಸ ಒಂದು ವಾರ ನಡೆಯಿತು. ಪುಸ್ತಕದವನು ತಿಳಿದವನೇ. ಬಳ್ಳಿಯನ್ನು ಹೂವಿನ ಚಂದ ನೋಡಿ ಆರಿಸಬೇಡಿ, ನಿಮ್ಮ ಮಣ್ಣು, ಗಾಳಿ, ಗೋಡೆ ನೋಡಿ ಆರಿಸಿ ಎಂದು ಮೊದಲ ಅಧ್ಯಾಯದಲ್ಲೇ ಬರೆದಿದ್ದ. ಅದನ್ನೂ ನಾನು ಚೆನ್ನಾಗಿಯೇ ಕನ್ನಡ ಮಾಡಿ ಹೇಳಿದೆ. ಮಾವ ಹೂಂ ಅಂದರು, ಆಮೇಲೆ ಚಿತ್ರಗಳ ಹಾಳೆ ತಿರುಗಿಸಿ ಬಣ್ಣ ನೋಡಿ ಆರಿಸಿದರು. ಕ್ಲೆಮಾಟಿಸ್ ಅಂತ ಒಂದು, ತಟ್ಟೆಯಗಲದ ನೇರಳೆ ಹೂವಿನದು. ವಿಸ್ಟೀರಿಯಾ, ಗೊಂಚಲು ಇಳಿಬಿಡುವುದು. ಹನಿಸಕಲ್. ಹೂವೇ ಬಿಡದೆ ಗೋಡೆ ಮುಚ್ಚುವ ಐವಿ. ಐವಿಯ ಹೆಸರು ಬಹಳ ಗಿಡ್ಡವಾಯಿತೆಂದು ಮಾವ ಸ್ವಲ್ಪ ಹಿಂದೆಮುಂದೆ ನೋಡಿದರು. ಗೋಡೆಯ ಮಾತು ಬಂದಾಗ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಎಲ್ಲಕ್ಕಿಂತ ಉತ್ತಮ, ಇಲ್ಲವಾದರೆ ಪಶ್ಚಿಮ, ಬಿಸಿಲು ಎಷ್ಟು ಬಿದ್ದರೂ ಒಳ್ಳೆಯದೇ ಎಂದು ಓದಿದೆ.

“ಎರಡೂ ಇರಲಿ,” ಅಂದರು ಮಾವ.

ಮಾರನೆಯ ದಿನ ಗೌಂಡಿ ದಾರ ಹಿಡಿದು ನಿಂತಿದ್ದ. ಸೂರ್ಯನನ್ನು ಅಪರೂಪಕ್ಕೆ ಕಾಣುವವರು ಬಿಸಿಲು ಹಿಡಿದಿಟ್ಟುಕೊಳ್ಳಲು ಆರಿಸುವ ಗೋಡೆ ಅದು ಎಂದು ನನಗೆ ಹೊಳೆಯಲಿಲ್ಲವೇ? ಭೂಗೋಳ ಓದಿದ್ದೆ. ಹೊಳೆದಿತ್ತು, ಆದರೆ ನನ್ನ ಕೆಲಸ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅಂದುಕೊಂಡಿದ್ದೆ ಎಂದು ಈಗ ಬರೆಯಬಹುದು. ಅದು ನಿಜವೋ, ಆಮೇಲೆ ಕಟ್ಟಿಕೊಂಡ ಸಮಾಧಾನವೋ ಗೊತ್ತಿಲ್ಲ.

ಆ ಮನೆಯಲ್ಲಿ ಬಳ್ಳಿ ಬೆಳೆಸಲು ಬಲ್ಲವಳು ಒಬ್ಬಳೇ, ಅತ್ತೆ. ಅವಳನ್ನು ಯಾರೂ ಕೇಳಲಿಲ್ಲ. ಅವಳ ತವರು ನಂದಿಗುಡಿಯ ಕಡೆ, ಹೊಳೆದಂಡೆಯ ಊರು. ಹೊಸ ಮನೆಗೆ ಬರುವಾಗ ತವರಿನಿಂದ ವೀಳ್ಯದೆಲೆಯ ಬಳ್ಳಿ ತಂದು ಹಿತ್ತಲ ಬಾವಿಯ ಪಕ್ಕ ಮೂರು ಚೊಗಚೆ ಗಿಡಗಳಿಗೆ ಹಬ್ಬಿಸಿದ್ದಳು. ವರ್ಷಕ್ಕೊಮ್ಮೆ ಬಳ್ಳಿ ಇಳಿಸುತ್ತಿದ್ದಳು: ಗಿಡದಿಂದ ಬಿಡಿಸಿ, ಎಲೆ ಉದುರಿದ ಕೆಳಭಾಗವನ್ನು ಸಿಂಬಿ ಸುತ್ತಿ ಮಣ್ಣಿನಲ್ಲಿ ಹೂತು, ಕುಡಿಯನ್ನಷ್ಟೇ ಮೇಲೆ ಬಿಟ್ಟು, ಬಾಳೆನಾರಿನಿಂದ ಮತ್ತೆ ಕಟ್ಟುವುದು. ಆಗ ಬಳ್ಳಿ ಹೊಸದಾಗಿ ಬೇರು ಬಿಟ್ಟು ಮೇಲೇಳುತ್ತದೆ. ಚಪ್ಪಲಿ ಮೆಟ್ಟಿ ಅದರ ಹತ್ತಿರ ಯಾರೂ ಹೋಗುವಂತಿಲ್ಲ. ನಮ್ಮ ಮನೆತನಗಳಲ್ಲಿ ಮುಟ್ಟು ಮೈಲಿಗೆ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜನ ನಾವು. ಎಲೆಬಳ್ಳಿಯ ವಿಷಯದಲ್ಲಿ ಮಾತ್ರ ಅತ್ತೆ ತಿಂಗಳಿಗೆ ಮೂರು ದಿನ ನನ್ನನ್ನು ಹಿತ್ತಲ ಬಾಗಿಲಿನಿಂದಾಚೆ ಬಿಡುತ್ತಿರಲಿಲ್ಲ. ಅದನ್ನು ಮೂಢನಂಬಿಕೆ ಎಂದು ನಾನು ನಕ್ಕಿದ್ದೇನೆ, ಡೈರಿಯಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ಅದೇ ವಾರ ಮುಂದಿನ ಅಂಗಳದಲ್ಲಿ ನಡೆದದ್ದರ ಬಗ್ಗೆ ಒಂದು ನಗೆಯ ಸಾಲೂ ಇಲ್ಲ.

ನಡೆದದ್ದು ಇದು. ಊಟಿಯಿಂದ ರೈಲು ಪಾರ್ಸೆಲ್ಲಿನಲ್ಲಿ, ಪಾಚಿ ಸುತ್ತಿದ ಹನ್ನೆರಡು ಸಸಿ ಬಂದವು. ಗೋಡೆಯ ಬುಡದಲ್ಲಿ ನೆಟ್ಟರು. ಡಿಸೆಂಬರ್ ಬಂತು. ಪುಸ್ತಕದಲ್ಲಿ ಡಿಸೆಂಬರಿನ ಕೆಳಗೆ, ಎಳೆಯ ಕಾಂಡಗಳನ್ನು ಹಿಮದಿಂದ ಕಾಪಾಡಲು ಹುಲ್ಲು ಮತ್ತು ಗೋಣಿಯಿಂದ ಸುತ್ತಿ ಎಂದಿತ್ತು. ನಾನು ಓದಿದೆ. ಮಾವ ಆಳಿಗೆ ಹೇಳಿದರು. ಹನ್ನೆರಡೂ ಸಸಿಗಳಿಗೆ ಭತ್ತದ ಹುಲ್ಲು ಹೊದಿಸಿ, ಮೇಲೆ ಹತ್ತಿಯ ಗೋಣಿ ಸುತ್ತಿ ಸುತಳಿಯಿಂದ ಬಿಗಿದರು. ದಾವಣಗೆರೆಯ ಡಿಸೆಂಬರಿನ ಮಧ್ಯಾಹ್ನಗಳಲ್ಲಿ ಮನುಷ್ಯರೇ ಅಂಗಿ ಬಿಚ್ಚಿ ಜಗಲಿಯಲ್ಲಿ ಮಲಗುತ್ತಿದ್ದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎದುರುಮನೆಯ ಜವಳಿ ಅಂಗಡಿಯವರು ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು, “ಜ್ವರ ಇಳೀತೇನ್ರಿ?” ಎಂದು ಗಂಭೀರವಾಗಿ ವಿಚಾರಿಸಿ ಹೋಗುತ್ತಿದ್ದರು.

ಜನವರಿಯ ಕೊನೆಗೆ ಗೋಣಿ ಬಿಚ್ಚಿದರೆ ಒಳಗೆ ಗೆದ್ದಲು ಸಂಸಾರ ಹೂಡಿತ್ತು. ಹುಲ್ಲು ತಿಂದು ಮುಗಿಸಿ ಕಾಂಡಕ್ಕೆ ಬಂದಿದ್ದವು. ಹನ್ನೆರಡರಲ್ಲಿ ನಾಲ್ಕು ಉಳಿದವು, ಅವಕ್ಕೂ ಎರಡೆರಡೇ ಎಲೆ. ಬಿಸಿಲು ಏರಿದ ಹಾಗೆ ಮಾವ ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ, ಹೊಟ್ಟಿನಲ್ಲಿ ಹುದುಗಿಸಿ, ಬುಡಕ್ಕೆ ಇಡಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಡೈರಿಯಲ್ಲಿ ಮಾತ್ರ ‘ಐಸ್ ಬಂತು’ ಎಂದಷ್ಟೇ ಇದೆ. ಬಂದ ಅತಿಥಿಗಳ ಶರಬತ್ತಿಗೆ ಬಂದ ಐಸನ್ನು ನನ್ನ ನೆನಪು ಗಿಡದ ಬುಡಕ್ಕೆ ಸಾಗಿಸಿರಬಹುದು. ಹಾಗೆ ಸಾಗಿಸುವಷ್ಟು ಕೆಟ್ಟ ಮನಸ್ಸು ನನ್ನದು, ಹಾಗೆ ಇಡಿಸುವಷ್ಟು ಮಂಕು ಮಾವನಿಗಿತ್ತು. ಎರಡರಲ್ಲಿ ಯಾವುದೆಂದು ಓದುವವರೇ ನೋಡಿಕೊಳ್ಳಲಿ.

ಯುಗಾದಿಯ ಹೊತ್ತಿಗೆ ಮುಂಬಯಿಯವರು ಮನೆಗೆ ಬರುವವರಿದ್ದರು. ಗೋಡೆಯ ತುಂಬ ಹೂವು ತೋರಿಸುತ್ತೇನೆಂದು ಮಾವ ಕಾಗದ ಬರೆದುಬಿಟ್ಟಿದ್ದರು. ಮಾರ್ಚಿನಲ್ಲಿ ಬಾವಿಯ ನೀರು ಕೆಳಗಿಳಿಯಿತು. ಬೆಳಿಗ್ಗೆ ಸೇದಿದರೆ ಸಂಜೆಯ ತನಕ ಮತ್ತೆ ಊರುವುದಿಲ್ಲ. ಅಡಿಗೆಗೆ, ಸ್ನಾನಕ್ಕೆ ಬಿಟ್ಟು ಮಿಕ್ಕ ನೀರೆಲ್ಲ ಮುಂದಿನ ಗೋಡೆಗೆ ಎಂದು ಮಾವ ಅಪ್ಪಣೆ ಮಾಡಿದರು. ಹಿತ್ತಲಿನದಕ್ಕೆ ಬೇಡ, ಎಲೆ ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತದೆ ಅಂದರು. ಎಲೆಬಳ್ಳಿಗೆ ಬೇಸಗೆಯಲ್ಲಿ ದಿನಾ ನೀರು ಬೇಕು. ನಾಲ್ಕನೆಯ ದಿನಕ್ಕೆ ಕುಡಿ ಬಾಗಿತು, ಎಲೆಯ ಅಂಚು ಒಣಗಿ ಸುರುಟಿತು. ಪಾತ್ರೆ ತೊಳೆದ ನೀರನ್ನು ಹಾಕೋಣವೆಂದರೆ ಎಂಜಲ ನೀರು ಆ ಬಳ್ಳಿಗೆ ಆಗದು. ಅತ್ತೆ ತನ್ನ ಸ್ನಾನ ನಿಲ್ಲಿಸಿ, ಆ ಎರಡು ಕೊಡ ಹಾಕುತ್ತಿದ್ದಳು. ಮೂರು ಗಿಡದ ಬಳ್ಳಿಗೆ ಅದು ನಾಲಿಗೆ ಒದ್ದೆಯಾಗುವಷ್ಟು.

ಒಂದು ಮಧ್ಯಾಹ್ನ, ಭಾನುವಾರವಿರಬೇಕು, ಮಾವ ಅಂಗಡಿಗೆ ಹೋಗಿದ್ದಾಗ ಅತ್ತೆ ನನ್ನ ಹತ್ತಿರ ಬಂದು ಕೂತಳು. ಪುಸ್ತಕ ನನ್ನ ಮುಂದೆಯೇ ಇತ್ತು.

“ಒಂದು ಮಾತು ನಡೆಸಿಕೊಡವ್ವ,” ಅಂದಳು. “ಈ ಗ್ವಾಡೆ ಬಳ್ಳಿಗೆ ದಿನಾ ನೀರು ಹಾಕಿದ್ರೆ ಬೇರು ಕೊಳೀತಾವು, ಎರಡು ದಿನಕ್ಕೊಮ್ಮೆ ಸಾಕು ಅಂತ ಪುಸ್ತಕದಾಗ ಬರ್ದೈತೆ ಅಂತ ನಿಮ್ಮ ಮಾವನಿಗೆ ಹೇಳು.”

“ಹಾಗೆ ಬರೆದಿಲ್ಲವಲ್ಲ ಅತ್ತೆ.”

“ಬರೆದಿಲ್ಲ, ನನಗೂ ಗೊತ್ತೈತೆ.”

“ಇಲ್ಲದ್ದನ್ನ ಇದೆ ಅಂತ ಹೆಂಗೆ ಹೇಳಲಿ?”

ಅತ್ತೆ ಪುಸ್ತಕದ ಕಡೆ ನೋಡಿದಳು. “ಇಷ್ಟು ದಿನ ಐತೆ ಅಂತ ಓದಿ ಹೇಳಿದೆಯಲ್ಲ, ಹಿಮ, ಗೋಣಿ, ಗ್ವಾಡೆ. ಅದು ಈ ಊರಾಗ ಇತ್ತೇನು?”

ನಾನು ಉತ್ತರ ಕೊಟ್ಟೆ. ಓದುವುದೆಂದರೆ ಒಂದು ಹೊಣೆ, ಲೇಖಕ ಬರೆಯದ್ದನ್ನು ಅವನ ಬಾಯಲ್ಲಿ ತುರುಕುವುದು ತಪ್ಪು ಎಂದೆಲ್ಲ. ಬಹುಶಃ ಮೈಸೂರಿನ ತರಗತಿಯಲ್ಲಿ ಕೇಳಿದ ಮಾತು. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ “ಆತು ಬಿಡು” ಎಂದು ಎದ್ದುಹೋದಳು. ಈ ಮಾತುಕತೆ ಡೈರಿಯಲ್ಲಿಲ್ಲ. ಹಾಗಾದರೆ ನಡೆಯಲೇ ಇಲ್ಲವೇ, ನನ್ನನ್ನು ನಾನೇ ಹಳಿದುಕೊಳ್ಳಲು ಹುಟ್ಟಿಸಿಕೊಂಡೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಡೆದಿರಬೇಕು. ಹೆಮ್ಮೆಪಡುವಂಥದ್ದನ್ನೆಲ್ಲ ಬರೆದಿಟ್ಟಿದ್ದೇನೆ, ಆ ಭಾನುವಾರದ ಹಾಳೆ ಖಾಲಿ.

ಮುಂದಿನ ಶನಿವಾರ ನಾನು ಹರಿಹರಕ್ಕೆ ಅಪ್ಪ ಅವ್ವನನ್ನು ನೋಡಲು ಹೊರಟಾಗ ಅತ್ತೆಯೂ ಹೊರಟಳು. ನಾದಿನಿಯನ್ನು ನೋಡಿ ಬಹಳ ದಿನವಾಯಿತು ಎಂದು ಮಾವನಿಗೆ ಹೇಳಿದಳು. ಕಂಕುಳಲ್ಲಿ ಒದ್ದೆ ಗೋಣಿ ಸುತ್ತಿದ ಗಂಟು. ಬೆಳಗಾಗುವುದರೊಳಗೆ ಎದ್ದು ಎಲೆಬಳ್ಳಿಯ ಜೀವವಿರುವ ಕುಡಿಗಳನ್ನೆಲ್ಲ ಕೊಯ್ದು, ಬಾಳೆಪಟ್ಟೆಯಲ್ಲಿಟ್ಟು ಕಟ್ಟಿದ್ದಳು. ತವರಿಗೆ ಯಾಕೆ ಒಯ್ಯುವುದಿಲ್ಲ ಎಂದು ಬಸ್ಸಿನಲ್ಲಿ ಕೇಳಿದೆ. ತವರಿನಿಂದ ತಂದ ಬಳ್ಳಿಯನ್ನು ತವರಿಗೇ ಒಯ್ದು ಕೊಟ್ಟರೆ ಗಂಡನ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಅಣ್ಣಂದಿರ ಹೆಂಡತಿಯರು ತಿಂಗಳುಗಟ್ಟಲೆ ಮಾತಾಡುತ್ತಾರೆ ಅಂದಳು. ಕೆಟ್ಟಿಲ್ಲವೇ ಎಂದು ನಾನು ಕೇಳಲಿಲ್ಲ.

ಹರಿಹರದಲ್ಲಿ ನಮ್ಮ ಮನೆಗೂ ಹೋಗದೆ ನೆಟ್ಟಗೆ ಹೊಳೆಯ ಕಡೆ ನಡೆದಳು. ಅಲ್ಲಿ ಎಲೆತೋಟಗಳಿದ್ದವು. ಮೊದಲನೆಯ ತೋಟದ ಬಾಗಿಲಲ್ಲಿ ಒಬ್ಬ ಅಜ್ಜ ಎಲೆ ಕಟ್ಟು ಕಟ್ಟುತ್ತಿದ್ದ. ಗುರುತಿನವನಲ್ಲ. ನನ್ನ ಕಾಲು ನೋಡಿ, ಚಪ್ಪಲಿ ಹೊರಗೆ ಬಿಡಬೇಕೆಂದು ಸನ್ನೆ ಮಾಡಿದ. ಅತ್ತೆ ಗಂಟು ಬಿಚ್ಚಿದಳು. ಅವನು ಒಂದು ಕುಡಿ ಎತ್ತಿ ಉಗುರಿನಿಂದ ಗೆಣ್ಣು ಕೆರೆದು ನೋಡಿದ. ಈ ಬಿಸಿಲಲ್ಲಿ ಯಾಕೆ ಕೊಯ್ದಿರಿ, ಮಳೆ ಹಿಡಿಯುವ ತನಕ ತಡೆಯಬಾರದಿತ್ತೇ ಎಂದು ಕೇಳಿದ.

“ಮಳೆತನಕ ಉಳಿಯಂಗಿಲ್ರಿ.”

“ಯಾಕ, ಬಾವಿ ಬತ್ತೈತೇನು?”

“ಇಲ್ರಿ. ನೀರು ಮುಂದ್ಲ ಗ್ವಾಡೆಗೆ ಹೋಗತೈತೆ.”

ಹೊಸದಾಗಿ ಗಾರೆ ಮಾಡಿದ ಗೋಡೆಗೆ ಹೊಡೆಯುವ ನೀರು ಅಂದುಕೊಂಡು ಅಜ್ಜ, ಗಾರೆಗೆ ಎಂಟು ದಿನ ಸಾಕಲ್ಲ ಅಂದ. ಅತ್ತೆ ನನ್ನ ಕಡೆ ತಿರುಗಿದಳು. “ನೀ ಹೇಳವ್ವ. ಓದಿದಾಕಿ ನೀನು.”

ನಾನು ಹೇಳಿದೆ. ಗೋಡೆಯ ಮೇಲೆ ಹಬ್ಬಿಸಲು ಚಳಿದೇಶದ ಬಳ್ಳಿ ತರಿಸಿದ್ದಾರೆ ಎಂದೆ. ಅಜ್ಜನ ಮುಖ ಅರಳಿತು. ಕಸುಬಿನವನಲ್ಲವೇ.

“ಅದರ ಎಲೆ ಮೆಲ್ತಾರೇನು?”

“ಇಲ್ಲ.”

“ಕಾಯಿ ಪಲ್ಯಕ್ಕ ಬರತೈತೇನು?”

“ಇಲ್ಲ.”

“ಹೂ ಮುಡೀಬೌದಾ? ದೇವರಿಗೆ?”

“ಯಾರೂ ಮುಡಿಯಲ್ಲ.”

“ದನ?”

“ತಿನ್ನಲ್ಲ ಅನ್ಸುತ್ತೆ.”

“ಮತ್ತ ಏನು ಮಾಡ್ತಾರವ್ವ?”

“ನೋಡ್ತಾರೆ ಅಜ್ಜ.”

ಅವನು ಕೈಯಲ್ಲಿದ್ದ ಕುಡಿಯನ್ನು ಕೆಳಗಿಟ್ಟ. “ನೋಡಿದ್ರೇನು ನೀವು?”

“ಇನ್ನೂ ಹೂವು ಬಿಟ್ಟಿಲ್ಲ.”

ಪ್ರಶ್ನೆಗಳು ಇಷ್ಟು ಓರಣವಾಗಿ ಒಂದರ ಹಿಂದೆ ಒಂದು ಬಂದವೇ? ಬಂದಿರಲಿಕ್ಕಿಲ್ಲ. ನಡುವೆ ಅವನು ಕೆಮ್ಮಿರಬೇಕು, ಯಾರನ್ನೋ ಕೂಗಿರಬೇಕು. ಆದರೆ ಕೊನೆಗೆ ಅವನು ನಗಲಿಲ್ಲ ಎಂಬುದು ಖಂಡಿತ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು. ಮೈಯಲ್ಲಿ ಹುಷಾರಿಲ್ಲದವರನ್ನು ನೋಡುವ ಹಾಗೆ ನನ್ನನ್ನೇ ನೋಡಿ, ಕುಡಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೆರಳಿಗೆ ಹೋದ. ಹತ್ತುತ್ತದೆ ಎಂದು ಮಾತು ಕೊಡಲಾರೆ, ನೆಟ್ಟು ನೋಡುತ್ತೇನೆ ಎಂದು ಅತ್ತೆಗೆ ಹೇಳಿದ. ಅತ್ತೆ ಅವನಿಗೆ ಕೈಮುಗಿದಳು. ಹತ್ತಿ ದಲಾಲರ ಹೆಂಡತಿ ಹಾಗೆ ಕೈಮುಗಿದದ್ದನ್ನು ನಾನು ಮೊದಲ ಸಲ ನೋಡಿದೆ.

ಯುಗಾದಿ ಬಂತು, ಮುಂಬಯಿಯವರೂ ಬಂದರು. ಗೋಡೆಯ ಬುಡದಲ್ಲಿ ನಾಲ್ಕು ಕಡ್ಡಿಗಳಿದ್ದವು. ಪಡುವಣದ ಮೈ ಮಧ್ಯಾಹ್ನದ ಮೇಲೆ ರೊಟ್ಟಿ ಹೆಂಚಿನಷ್ಟು ಕಾಯುತ್ತಿತ್ತು, ಅಂಗೈ ಇಡಲಾಗುತ್ತಿರಲಿಲ್ಲ. ಇದೇನು ಗೋಡೆ ಎಂದು ಅವರಲ್ಲೊಬ್ಬರು ಕೇಳಿದರು. ಇಲ್ಲೊಂದು ಕೋಣೆ ಬರುವುದಿದೆ ಎಂದು ಮಾವ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಹೇಳಿದರು. ಊಟವಾದ ಮೇಲೆ ಅತಿಥಿಗಳ ಮುಂದೆ ಎಲೆ ಅಡಿಕೆಯ ತಟ್ಟೆ ಬಂತು. ಮಾವ ಎಲೆ ಎತ್ತಿ ತಿರುಗಿಸಿ ನೋಡಿ, ಇದು ಬಜಾರಿನದು, ಹಿತ್ತಲದ ಎಲೆ ತಾ ಅಂದರು.

“ಇಲ್ಲ,” ಅಂದಳು ಅತ್ತೆ ಒಳಗಿನಿಂದ. “ಬಳ್ಳಿ ತೆಗೆದಾಯ್ತು.”

ಯಾವಾಗ, ಯಾಕೆ ಎಂದು ಅವರು ಕೇಳುತ್ತಾರೆಂದು ನಾನು ಬಾಗಿಲ ಸಂದಿಯಲ್ಲಿ ಕಾದು ನಿಂತೆ. ಕೇಳಿದ್ದರೆ ಅತ್ತೆ ಏನಾದರೂ ಹೇಳುತ್ತಿದ್ದಳು. ಮಾವ ಎಲೆಗೆ ಸುಣ್ಣ ಹಚ್ಚಿಕೊಂಡು ಊಟಿಯ ಮಾತಿಗೆ ಹೋದರು. ಕಡ್ಡಿಗಳು ಒಣಗಿದ ಮೇಲೂ ಪುಸ್ತಕದ ಮೇಲೆ ಅವರಿಗೆ ನಂಬಿಕೆ ಹೋಗಲಿಲ್ಲ. ಸಸಿ ಕಳಿಸಿದವರು ಮೋಸ ಮಾಡಿದರು ಎಂದು ತೀರ್ಮಾನಿಸಿದರು. ನನ್ನ ಕನ್ನಡದ ಮೇಲೂ ಅನುಮಾನಪಡಲಿಲ್ಲ. ಅಷ್ಟು ಅನುಮಾನಕ್ಕಾದರೂ ನಾನು ಯೋಗ್ಯಳಾಗಿದ್ದೆ.

ಮಳೆ ಹಿಡಿದು ಒಂದು ತಿಂಗಳಾದ ಮೇಲೆ ನಾನೊಬ್ಬಳೇ ಆ ತೋಟಕ್ಕೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಅಜ್ಜ ಇರಲಿಲ್ಲ, ಅವನ ಸೊಸೆ ಇದ್ದಳು. ಬೇಸಗೆಯಲ್ಲಿ ಯಾರೋ ತಂದುಕೊಟ್ಟ ಬಳ್ಳಿಯೇ, ಆ ಕಡೆ ಸಾಲಿನಲ್ಲಿ ಎಲ್ಲೋ ನೆಟ್ಟಿದ್ದರು, ಕೆಲವು ಹತ್ತಿದವು, ಕೆಲವು ಹೋದವು, ಯಾವುದು ಯಾವುದೆಂದು ಅಜ್ಜನಿಗೇ ಗೊತ್ತು ಎಂದಳು. ನಾನು ಜಿಟಿಜಿಟಿ ಮಳೆಯಲ್ಲಿ ಸಾಲಿನುದ್ದಕ್ಕೂ ನಡೆದೆ. ವರ್ಷವೆಲ್ಲ ಮೆದ್ದ ಎಲೆ. ಒಂದು ಬಳ್ಳಿಯನ್ನೂ ಇದೇ ಎಂದು ಗುರುತಿಸಲಾಗಲಿಲ್ಲ. ಆ ದಿನದ ಡೈರಿಯಲ್ಲಿ ‘ಬಳ್ಳಿ ಚೆನ್ನಾಗಿದೆ’ ಎಂದು ಬರೆದಿದ್ದೇನೆ. ಈ ಒಂದು ಕಡೆ ಡೈರಿ ಸುಳ್ಳು, ನೆನಪು ಸರಿ.

ಸಂಜೆ ದಾವಣಗೆರೆಗೆ ಮರಳಿದಾಗ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಅವಳಿಗೆ ಹೇಳಬೇಕಾಗಲಿಲ್ಲ.

“ಹತ್ತೈತೇನು?”

“ಹತ್ತೈತೆ ಅತ್ತೆ. ನನ್ನ ಎತ್ತರ ಬಂದಾವು.”

ಅತ್ತೆ ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. “ಯಾವ ಗಿಡಕ್ಕ ಹಬ್ಬಿಸ್ಯಾರ?”

ನಾನು ಗಿಡ ನೋಡಿರಲಿಲ್ಲ, ಬಳ್ಳಿಯನ್ನಷ್ಟೇ ಹುಡುಕಿದ್ದೆ. “ನುಗ್ಗೆಗೆ,” ಅಂದೆ.

“ಆ ತೋಟದಾಗ ನುಗ್ಗೆ ಎಲ್ಲೈತೆ? ಬರೇ ಹಾಲುವಾಣ ಅಲ್ಲಿ.”

ಮಳೆಯಲ್ಲಿ ಸರಿಯಾಗಿ ಕಾಣಲಿಲ್ಲವೇನೋ ಎಂದು ಏನೋ ಗೊಣಗಿದೆ. ಅತ್ತೆ ರೊಟ್ಟಿ ಮಗುಚಿದಳು, ಬಟ್ಟೆಯ ಉಂಡೆಯಿಂದ ಅಂಚನ್ನು ಒತ್ತಿ ಉಬ್ಬಿಸಿದಳು.

“ಮಳ್ಯಾಗ ಕಾಣಂಗಿಲ್ಲ, ಖರೆ,” ಎಂದು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. “ತಲೆ ಒರೆಸ್ಕೊ ಮೊದ್ಲು.”